ಶಾಸ್ತ್ರದಾನದಿಂದ ಗ್ರಂಥಾಲಯ ಕರದವರೆಗೆ

ಅಮ್ಮಸಂದ್ರದ ಸುತ್ತಿನ ಯಾವ ಹಳ್ಳಿಯಲ್ಲಾದರೂ ಸರಿ, ಗ್ರಾಮ ಪಂಚಾಯತಿಗೆ ಮನೆಕಂದಾಯ ಕಟ್ಟಿ ಪಡೆದ ರಸೀದಿಯನ್ನು ಪೂರ್ತಿಯಾಗಿ ಓದುವವರು ವಿರಳ. ಒಟ್ಟು ಮೊತ್ತವನ್ನು ನೋಡಿ, ಮಡಿಸಿ, ಪೆಟ್ಟಿಗೆಯಲ್ಲಿಟ್ಟು ಮರೆಯುತ್ತೇವೆ. ಒಮ್ಮೆಯಾದರೂ ಅದನ್ನು ಸಾವಧಾನವಾಗಿ ಓದಬೇಕು. ಕಂದಾಯದ ಮೇಲೆ ನಾಲ್ಕು ಬಗೆಯ ಕರಗಳು ಸೇರಿವೆ: ಆರೋಗ್ಯ ಕರ ಶೇಕಡ 15, ಶಿಕ್ಷಣ ಕರ ಶೇಕಡ 10, ಗ್ರಂಥಾಲಯ ಕರ ಶೇಕಡ 6, ಭಿಕ್ಷುಕರ ಕರ ಶೇಕಡ 3. ಮನೆಯ ಕಂದಾಯ 1,000 ರೂಪಾಯಿ ಎಂದಿಟ್ಟುಕೊಂಡರೆ, ಅದರ ಜೊತೆಗೆ 60 ರೂಪಾಯಿ ಗ್ರಂಥಾಲಯಕ್ಕೆಂದೇ ಸಲ್ಲುತ್ತದೆ. ತೆಂಗಿನ ತೋಟದ ಯಜಮಾನರೂ, ಸಿಮೆಂಟ್ ಕಾರ್ಖಾನೆಯ ನೌಕರರೂ, ಅಕ್ಷರವನ್ನೇ ಕಲಿಯದ ಮುದುಕಿಯೂ ತಮ್ಮ ತಮ್ಮ ಮನೆಯ ಅಳತೆಗೆ ತಕ್ಕಂತೆ ಈ ಹಣವನ್ನು ಕೊಟ್ಟಿದ್ದಾರೆ.

ಈ 60 ರೂಪಾಯಿಯ ಹಿಂದೆ ಸಾವಿರ ವರ್ಷಗಳಿಗೂ ಮೇಲ್ಪಟ್ಟ ಇತಿಹಾಸವಿದೆ. ಜ್ಞಾನವನ್ನು ಕೊಡುವುದು ಪುಣ್ಯವೆಂದು ತಿಳಿದ ಸಮಾಜವು, ಜ್ಞಾನವನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ತಿಳಿಯುವವರೆಗೆ ನಡೆದ ದೀರ್ಘ ಪಯಣದ ಇತಿಹಾಸ ಅದು. ಬಸದಿಗಳ ಆಡಳಿತವನ್ನು ನೋಡಿಕೊಳ್ಳುವ ನಮ್ಮ ಧರ್ಮದರ್ಶಿಗಳಿಗೂ ಶ್ರಾವಕ ಕುಟುಂಬಗಳಿಗೂ ಈ ಇತಿಹಾಸದಲ್ಲಿ ಕಲಿಯತಕ್ಕ ಪಾಠವೊಂದಿದೆ.

ಸಾವಿರ ಪ್ರತಿಗಳು

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳೂ ಬಲ್ಲರು. ಶಾಸ್ತ್ರದಾನದ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣವನ್ನು ತಾಳೆಗರಿಯಲ್ಲಿ ಸಾವಿರ ಪ್ರತಿ ಬರೆಯಿಸಿ ಹಂಚಿದ ಮಹಾತಾಯಿ ಆಕೆ. ಕ್ರಿ.ಶ. 993ರಲ್ಲಿ ರನ್ನನು ಅಜಿತಪುರಾಣವನ್ನು ರಚಿಸಿದ್ದು ಆಕೆಯ ಆಶ್ರಯದಲ್ಲಿ. ಲಕ್ಕುಂಡಿಯ 1007ರ ಶಾಸನವು ಆಕೆಯ ಕೀರ್ತಿಯನ್ನು ಇಂದಿಗೂ ಸಾರುತ್ತಿದೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಸಾಮಾನ್ಯ ಕಾರ್ಯವಲ್ಲ. ಗರಿಯನ್ನು ಹದಗೊಳಿಸಿ, ಕಂಟದಿಂದ ಕೊರೆದು, ಮಸಿ ತುಂಬಿ, ಒಂದೊಂದು ಪ್ರತಿಯನ್ನೂ ಲೇಖಕನೊಬ್ಬನು ಕುಳಿತು ಬರೆಯಬೇಕಾಗಿತ್ತು. ಒಂದೇ ಪ್ರತಿಯಿದ್ದರೆ ಗ್ರಂಥವು ಒಂದು ಬೆಂಕಿಗೋ ಒಂದು ಮಳೆಗಾಲಕ್ಕೋ ಅಳಿದುಹೋಗುತ್ತದೆ. ಹಲವು ಊರುಗಳಲ್ಲಿ ಹಲವು ಪ್ರತಿಗಳಿದ್ದರೆ ಉಳಿಯುತ್ತದೆ. ಸಾವಿರ ಪ್ರತಿ ಹರಡಿದ ಆ ಕಾರ್ಯದಲ್ಲಿ ಭಕ್ತಿಯ ಜೊತೆಗೆ ಈ ವಿವೇಕವನ್ನೂ ನಾವು ಕಾಣಬಹುದು.

ಆದರೆ ದಾನಿಯ ಔದಾರ್ಯವೊಂದೇ ಸಾಲದೆಂಬುದನ್ನೂ ನಮ್ಮ ಹಿರಿಯರು ಬಲ್ಲವರಾಗಿದ್ದರು. ಅಮ್ಮಸಂದ್ರದಿಂದ ರೈಲಿನಲ್ಲಿ ತುಮಕೂರಿನ ಕಡೆಗೆ ಹೊರಟರೆ ಸಂಪಿಗೆ ರೋಡ್ ನಿಲ್ದಾಣವನ್ನು ದಾಟಿ ನಿಟ್ಟೂರು ಬರುತ್ತದೆ. ಅಲ್ಲಿ 12ನೆಯ ಶತಮಾನದ, ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿದೆ. ಅಂಥ ಬಸದಿಗಳಿಗೆ ಕೊಟ್ಟ ದತ್ತಿಗಳ ಶಾಸನಗಳನ್ನು ಕನ್ನಡ ನಾಡಿನ ಉದ್ದಗಲಕ್ಕೂ ಕಾಣುತ್ತೇವೆ. ಅವುಗಳಲ್ಲಿ ಅರ್ಚನೆಗೆ, ಜೀರ್ಣೋದ್ಧಾರಕ್ಕೆ, ಮುನಿಗಳ ಆಹಾರದಾನಕ್ಕೆ ಎಂದು ಉದ್ದೇಶವನ್ನು ಸ್ಪಷ್ಟವಾಗಿ ಹೇಳಿ, ಭೂಮಿಯನ್ನೋ, ಊರಿನ ಸುಂಕದ ಒಂದು ಪಾಲನ್ನೋ, ಗಾಣದ ಎಣ್ಣೆಯನ್ನೋ ಬಿಟ್ಟುಕೊಟ್ಟಿರುತ್ತಾರೆ. ಕೊನೆಯಲ್ಲಿ ಎರಡು ಮಾತು ತಪ್ಪದೆ ಬರುತ್ತವೆ. ಕೊಡುವುದಕ್ಕಿಂತಲೂ ಕೊಟ್ಟದ್ದನ್ನು ಪಾಲಿಸುವುದು ಶ್ರೇಷ್ಠವೆಂಬುದು ಒಂದು. ಈ ದತ್ತಿಯನ್ನು ಅಪಹರಿಸಿದವರಿಗೆ ವಾರಾಣಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುವುದೆಂಬುದು ಇನ್ನೊಂದು. ಒಂದು ಉದ್ದೇಶಕ್ಕಾಗಿ ಎತ್ತಿದ ಹಣವು ಆ ಉದ್ದೇಶಕ್ಕೇ ಸಲ್ಲಬೇಕು ಎಂಬ ನೀತಿಯನ್ನು ಕಾಯಲು ಆ ಕಾಲಕ್ಕೆ ಶಾಪವೇ ಕಾಯಿದೆಯಾಗಿತ್ತು.

ಕಾಪಿಟ್ಟದ್ದು ಬಳಕೆಗೆ ಬಂದಾಗ

ಪಾಲನೆಯೆಂದರೆ ಏನು? ಭದ್ರವಾಗಿ ಮುಚ್ಚಿಡುವುದೆ, ಓದುವವರ ಕೈಗೆ ತಲುಪಿಸುವುದೆ? ಮೂಡಬಿದಿರೆಯ ಇತಿಹಾಸ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಪ್ರಾಚೀನ ತಾಳೆಗರಿ ಪ್ರತಿಗಳು ಉಳಿದದ್ದು ಮೂಡಬಿದಿರೆಯ ಗುರು ಬಸದಿಯಲ್ಲಿ. ಅವು ಹಳಗನ್ನಡ ಲಿಪಿಯಲ್ಲಿವೆ. ಶತಮಾನಗಳ ಕಾಲ ಅವುಗಳನ್ನು ಕಣ್ಣರೆಪ್ಪೆಯಂತೆ ಕಾಪಾಡಿದವರಿಗೆ ಇಡೀ ಜೈನ ಸಮಾಜ ಋಣಿಯಾಗಿದೆ. ಆದರೆ ದೂರದಿಂದ ಬಂದ ಯಾತ್ರಿಕರಿಗೆ ದೊರೆಯುತ್ತಿದ್ದುದು ಆ ಗ್ರಂಥಗಳ ದರ್ಶನ ಮಾತ್ರ, ಅಧ್ಯಯನಕ್ಕೆ ಅವಕಾಶವಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಸಮಾಜದ ಹಿರಿಯರ ಪ್ರಯತ್ನದಿಂದ ಪ್ರತಿ ಮಾಡುವ ಕಾರ್ಯ ಆರಂಭವಾಗಿ ದಶಕಗಳ ಕಾಲ ನಡೆಯಿತು. 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಮುಂದಿನ ಸುಮಾರು ಎರಡು ದಶಕಗಳಲ್ಲಿ 16 ಸಂಪುಟಗಳು ಪೂರ್ಣಗೊಂಡವು. ಅಂದಿನಿಂದ ಆ ಗ್ರಂಥವು ಎಲ್ಲಿಯ ವಿದ್ವಾಂಸರಿಗೂ ವಿದ್ಯಾರ್ಥಿಗಳಿಗೂ ದೊರೆಯುವಂತಾಯಿತು.

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಈ ತೆಂಗಿನ ಸೀಮೆಯ ಒಂದು ಊರಿನಲ್ಲಿ ಹಿರಿಯ ಶ್ರಾವಕರೊಬ್ಬರು ತಮ್ಮ ಮೂರು ಬೀರು ಪುಸ್ತಕಗಳನ್ನು ಊರವರ ಉಪಯೋಗಕ್ಕೆಂದು ಬಿಟ್ಟುಹೋದರು. ಅದನ್ನು ಇರಿಸಿದ ಕೋಣೆಯ ಬೀಗದ ಕೈ ನನ್ನ ವಶಕ್ಕೆ ಬಂತು. ಮೊದಲ ವರ್ಷ ಪ್ರತಿ ಭಾನುವಾರ ಬಾಗಿಲು ತೆರೆದೆ. ಆಮೇಲೆ ಸಂಸಾರದ ಜವಾಬ್ದಾರಿ, ಪರಸ್ಥಳದ ಓಡಾಟ. ಬಾಗಿಲು ತೆರೆಯುವ ದಿನಗಳು ಕಡಮೆಯಾದವು. ಪ್ರೌಢಶಾಲೆಯ ಹುಡುಗಿಯೊಬ್ಬಳು ಪುಸ್ತಕ ಕೇಳಿಕೊಂಡು ಮೂರು ಸಲ ಮನೆಗೆ ಬಂದಳು. ಮೂರು ಸಲವೂ ‘ಮುಂದಿನ ಭಾನುವಾರ ಬಾಮ್ಮ’ ಎಂದೆ. ನಾಲ್ಕನೆಯ ಸಲ ಅವಳು ಬರಲಿಲ್ಲ. ಕೆಲವು ವರ್ಷಗಳ ಮೇಲೆ ಬೀರು ತೆಗೆದಾಗ ಕೆಳಗಿನ ಎರಡು ಸಾಲುಗಳು ಮಣ್ಣಾಗಿದ್ದವು. ಗೆದ್ದಲು ರಟ್ಟನ್ನು ಮಾತ್ರ ಉಳಿಸಿತ್ತು. ನಮ್ಮ ಕಡೆ ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು, ನೀರು ಇಂಗಿದ ಮೇಲೆ ಸುಲಿದು, ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಅಟ್ಟಕ್ಕೆ ಹಾಕಿದ ಕಾಯಿಯನ್ನು ಮರೆತ ರೈತನನ್ನು ನಾನು ಕಂಡಿಲ್ಲ. ಆದರೆ ಬೀರುವಿಗೆ ಹಾಕಿದ ಪುಸ್ತಕವನ್ನು ಮರೆತವನು ನಾನೇ ಆಗಿದ್ದೇನೆ.

ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ, ತಿಳಿದದ್ದನ್ನು ಮರೆಮಾಚುವ ನಿಹ್ನವವನ್ನೂ, ಇತರರ ಜ್ಞಾನಾರ್ಜನೆಗೆ ಅಡ್ಡಿಯಾಗುವ ಅಂತರಾಯವನ್ನೂ ಆಚಾರ್ಯರು ಎಣಿಸಿದ್ದಾರೆ. ಅಂತರಾಯವೆಂದರೆ ಪುಸ್ತಕವನ್ನು ಸುಡುವುದೆಂದು ನಾನು ಭಾವಿಸಿದ್ದೆ. ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮರೆಯುವುದೂ ಅಂತರಾಯವೇ ಎಂದು ಆ ದಿನ ತಿಳಿಯಿತು. ಒಬ್ಬನ ದಾನವನ್ನು ಇನ್ನೊಬ್ಬನ ಬಿಡುವಿನ ವೇಳೆಗೆ ಒಪ್ಪಿಸಿದರೆ ಆಗುವುದು ಇಷ್ಟೇ. ಗ್ರಂಥಾಲಯಕ್ಕೆ ಪುಸ್ತಕದಷ್ಟೇ ಅಗತ್ಯವಾದವು ನಿಗದಿಯಾದ ವೇಳೆ, ಸಂಬಳ ಪಡೆಯುವ ಮೇಲ್ವಿಚಾರಕ, ವರ್ಷ ವರ್ಷವೂ ತಪ್ಪದೆ ಬರುವ ಹಣ.

ದಾನದ ಜೊತೆಗೆ ಕರ

ಈ ಸತ್ಯವನ್ನು ಜಗತ್ತು ತಡವರಿಸುತ್ತಲೇ ಕಲಿತಿದೆ. ಬ್ರಿಟನ್ನಿನಲ್ಲಿ 1850ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಾಗ, ಪೌಂಡಿಗೆ ಅರ್ಧ ಪೆನ್ನಿಯಂತೆ ಕರ ಎತ್ತಲು ಪಟ್ಟಣಗಳಿಗೆ ಅನುಮತಿ ದೊರೆಯಿತು. ಆದರೆ ಆ ಹಣದಲ್ಲಿ ಪುಸ್ತಕ ಕೊಳ್ಳುವಂತಿರಲಿಲ್ಲ! ಕಟ್ಟಡ, ಸಿಬ್ಬಂದಿಗಳಿಗೆ ಕರ ಸಾಕು, ಪುಸ್ತಕಗಳನ್ನು ದಾನಿಗಳು ಕೊಡುತ್ತಾರೆ ಎಂದು ಶಾಸನಕರ್ತರು ನಂಬಿದ್ದರು. ಐದೇ ವರ್ಷಗಳಲ್ಲಿ, 1855ರಲ್ಲಿ, ಕರವನ್ನು ಒಂದು ಪೆನ್ನಿಗೆ ಏರಿಸಿ ಪುಸ್ತಕ ಕೊಳ್ಳಲು ಅವಕಾಶ ಕೊಡಬೇಕಾಯಿತು. ಅಮೆರಿಕದ ಉದ್ಯಮಿ ಆಂಡ್ರೂ ಕಾರ್ನೆಗಿ ತಮ್ಮ ಸಂಪತ್ತಿನಿಂದ ಸುಮಾರು 2,500 ಗ್ರಂಥಾಲಯ ಕಟ್ಟಡಗಳನ್ನು ಕಟ್ಟಿಸಿದರು. ಅವರ ದಾನಕ್ಕೆ ಷರತ್ತಿತ್ತು: ಊರವರು ನಿವೇಶನ ಕೊಡಬೇಕು, ದಾನದ ಮೊತ್ತದ ಹತ್ತನೆಯ ಒಂದು ಪಾಲನ್ನು ಪ್ರತಿ ವರ್ಷ ನಿರ್ವಹಣೆಗಾಗಿ ತಮ್ಮ ತೆರಿಗೆಯಿಂದ ತೆಗೆದಿಡಬೇಕು. ಪಾಲನೆಗೆ ಒಪ್ಪದ ಊರಿಗೆ ದಾನವಿಲ್ಲ ಎಂಬ ಈ ಮಾತನ್ನು ನಮ್ಮ ಶಾಸನ ಬರೆಯಿಸಿದವರು ಕೇಳಿದ್ದರೆ ತಲೆದೂಗುತ್ತಿದ್ದರು.

ಭಾರತದಲ್ಲಿ ಈ ಮಾರ್ಗವನ್ನು ಮೊದಲು ತೋರಿದವರಲ್ಲಿ ಬರೋಡೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಅಗ್ರಗಣ್ಯರು. 1910ರಲ್ಲಿ ಅವರು ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಯಿಸಿ ಸಂಸ್ಥಾನದಲ್ಲೆಲ್ಲ ಗ್ರಂಥಾಲಯಗಳ ವ್ಯವಸ್ಥೆಯನ್ನು ರೂಪಿಸಿದರು. ಹಳ್ಳಿಯವರು ಕೂಡಿಸಿದಷ್ಟೇ ಹಣವನ್ನು ಪ್ರಾಂತ ಪಂಚಾಯತಿಯೂ, ಅಷ್ಟನ್ನೇ ಸರ್ಕಾರವೂ ಸೇರಿಸುವ ಕ್ರಮ ಅಲ್ಲಿತ್ತು. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿಯೇ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ತಲೆಯೆತ್ತಿದವು. ಬೆಂಗಳೂರಿನ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡವನ್ನು ಕಾಣದ ಓದುಗರು ವಿರಳ.

ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯಿದೆ ಬಂದದ್ದು 1948ರಲ್ಲಿ, ಮದರಾಸು ಪ್ರಾಂತ್ಯದಲ್ಲಿ. ಅದರ ಹಿಂದಿನ ಪ್ರೇರಕ ಶಕ್ತಿ ಡಾ. ಎಸ್. ಆರ್. ರಂಗನಾಥನ್. ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸಿಗೆ ಸೇರಿತ್ತು. ಹೀಗೆ ಧವಲಾ ಗ್ರಂಥಗಳ ನೆಲೆಯಾದ ಮೂಡಬಿದಿರೆಯ ಸೀಮೆಗೆ ಗ್ರಂಥಾಲಯ ಕರದ ಕಾಯಿದೆ ಅಮ್ಮಸಂದ್ರಕ್ಕಿಂತ ಮೊದಲೇ ಬಂದಿತ್ತೆಂಬುದು ಸ್ವಾರಸ್ಯದ ಸಂಗತಿ. 1956ರಲ್ಲಿ ಕನ್ನಡ ನಾಡು ಒಂದಾದಾಗ, ಮದರಾಸಿನಿಂದ ಬಂದ ಭಾಗಕ್ಕೆ ಒಂದು ಕಾಯಿದೆ, ಹೈದರಾಬಾದಿನಿಂದ ಬಂದ ಭಾಗಕ್ಕೆ 1955ರ ಇನ್ನೊಂದು ಕಾಯಿದೆ. ಹಳೆಯ ಮೈಸೂರಿಗೆ ಅಂಥ ಕಾಯಿದೆಯೇ ಇರಲಿಲ್ಲ. ಈ ಅಸಮತೆಯನ್ನು ನೀಗಿದ್ದು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ಅದು 1966ರ ನವೆಂಬರ್ 1ರಂದು ಜಾರಿಗೆ ಬಂತು. ಅದರ ಸ್ವರೂಪದಲ್ಲಿ ಆ ವೇಳೆಗೆ ಬೆಂಗಳೂರಿನಲ್ಲಿ ನೆಲೆಸಿದ್ದ ರಂಗನಾಥನ್ನರ ಚಿಂತನೆಯ ಮುದ್ರೆಯಿದೆ. ಆಸ್ತಿ ತೆರಿಗೆ ಮೊದಲಾದವುಗಳ ಮೇಲೆ ರೂಪಾಯಿಗೆ 3 ಪೈಸೆಯಂತೆ ಆರಂಭವಾದ ಗ್ರಂಥಾಲಯ ಕರ ಮುಂದೆ 6 ಪೈಸೆಯಾಯಿತು. ಭೂಕಂದಾಯದ ಒಂದು ಪಾಲನ್ನು ಸರ್ಕಾರವು ಜಿಲ್ಲೆಯ ಗ್ರಂಥಾಲಯ ನಿಧಿಗೆ ಕೊಡಬೇಕೆಂದೂ ಕಾಯಿದೆ ವಿಧಿಸಿತು.

ರಂಗನಾಥನ್ನರು 1931ರಲ್ಲಿ ಮಂಡಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಕರದ ಪರವಾಗಿ ಜೀವನವಿಡೀ ವಾದಿಸಿದ ಈ ಮಹನೀಯರು ದಾನವನ್ನು ಕೀಳಾಗಿ ಕಾಣಲಿಲ್ಲ. ತಮ್ಮ ಜೀವಮಾನದ ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು, ತಮ್ಮ ಪತ್ನಿ ಶಾರದಾ ಅವರ ಹೆಸರಿನ ಗ್ರಂಥಾಲಯ ವಿಜ್ಞಾನ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಕರವನ್ನು ಕೇಳುವ ಅಧಿಕಾರವನ್ನು ಅವರು ದಾನದಿಂದ ಸಂಪಾದಿಸಿಕೊಂಡರು ಎನ್ನಬಹುದು.

ಇಂದಿನ ಸ್ಥಿತಿ

ಕಾಯಿದೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆನ್ನಲಾಗದು. ವಸೂಲಾದ ಕರವು ಗ್ರಂಥಾಲಯವನ್ನು ತಲುಪದೆ ನಡುದಾರಿಯಲ್ಲಿ ನಿಲ್ಲುವುದು ನಮ್ಮ ರಾಜ್ಯದ ಹಳೆಯ ವ್ಯಾಧಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಇದ್ದ ಕಾಲದಲ್ಲಿ ಗ್ರಂಥಾಲಯ ಇಲಾಖೆಗೆ ಸಲ್ಲಬೇಕಾದ ಕರದ ಬಾಕಿ ನೂರಾರು ಕೋಟಿ ರೂಪಾಯಿಗಳೆಂದು ಪತ್ರಿಕೆಗಳು ಮತ್ತೆ ಮತ್ತೆ ವರದಿ ಮಾಡಿದ್ದವು. ಹಳ್ಳಿಗಳಲ್ಲಿಯಾದರೋ, ಗ್ರಂಥಾಲಯದ ಮೇಲ್ವಿಚಾರಕರು ಬಹುಕಾಲ ಅಲ್ಪ ಗೌರವಧನದ ಮೇಲೆ ದುಡಿದರು.

2019ರಲ್ಲಿ ಮಹತ್ತ್ವದ ಬದಲಾವಣೆಯೊಂದು ಆಯಿತು. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಇಂದು ಅವು ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದಿವೆ. ಕರ ವಸೂಲು ಮಾಡುವ ಸಂಸ್ಥೆಯೂ ಗ್ರಂಥಾಲಯ ನಡೆಸುವ ಸಂಸ್ಥೆಯೂ ಈಗ ಒಂದೇ ಆದುದರಿಂದ, ಹಣ ಎಲ್ಲಿ ಹೋಯಿತೆಂದು ಕೇಳಲು ತುಮಕೂರಿಗೋ ಬೆಂಗಳೂರಿಗೋ ಹೋಗಬೇಕಾಗಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದರೆ ಸಾಕು.

ಎರಡು ಆಕ್ಷೇಪಗಳು ಈ ಸಂದರ್ಭದಲ್ಲಿ ಬರುತ್ತವೆ. ಕೈಯಲ್ಲಿ ಮೊಬೈಲ್ ಇರುವಾಗ ಗ್ರಂಥಾಲಯವೇಕೆ ಎಂಬುದು ಮೊದಲನೆಯದು. ಮೊಬೈಲಿನಲ್ಲಿ ಮಾಹಿತಿ ಹೇರಳವಾಗಿರುವುದು ನಿಜ. ಆದರೆ ಪರೀಕ್ಷೆಗೆ ಓದುವ ಬಡ ಹುಡುಗನಿಗೆ ಬೇಕಾದ ಮೇಜು, ದೀಪ, ನಿಶ್ಶಬ್ದ, ಎಂಟು ಜನರಿರುವ ಒಂದು ಅಂಕಣದ ಮನೆಯಲ್ಲಿ ದೊರೆಯದ ಎರಡು ಗಂಟೆಗಳ ಏಕಾಂತ, ಇವನ್ನು ಮೊಬೈಲು ಕೊಡಲಾರದು. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ದಾನವು ಭಾವಶುದ್ಧಿಯಿಂದ ಮಾಡುವಂಥದು. ಕಾಯಿದೆಯ ಬಲದಿಂದ ಕಿತ್ತುಕೊಂಡ ಕರದಲ್ಲಿ ಪುಣ್ಯವೆಲ್ಲಿ ಎಂದು ಕೆಲವರು ಕೇಳುತ್ತಾರೆ. ಕರ ಕೊಟ್ಟವನಿಗೆ ದಾನದ ಫಲವಿದೆಯೆಂದು ನಾನೂ ಹೇಳುವುದಿಲ್ಲ. ಆದರೆ ಪಡೆಯುವವನ ಕಡೆಯಿಂದ ನೋಡೋಣ. ದಾನದ ಪುಸ್ತಕವನ್ನು ಕೇಳಲು ಆ ಹುಡುಗಿ ನನ್ನ ಮನೆ ಬಾಗಿಲಿಗೆ ಬಂದು, ನನ್ನ ಬಿಡುವಿಗೆ ಕಾದು, ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಕರದಿಂದ ನಡೆಯುವ ಗ್ರಂಥಾಲಯಕ್ಕೆ ಅವಳು ತಲೆಯೆತ್ತಿ ನಡೆದು ಹೋಗಬಹುದು. ಏಕೆಂದರೆ ಅವಳ ತಂದೆಯೂ ಅದಕ್ಕೆ ಕೊಟ್ಟಿದ್ದಾನೆ.

ನಮ್ಮ ಕರ್ತವ್ಯ

ಶ್ವೇತಾಂಬರ ಪರಂಪರೆಯಲ್ಲಿ ಜ್ಞಾನದ್ರವ್ಯವೆಂಬ ಪ್ರತ್ಯೇಕ ನಿಧಿಯ ಸಂಪ್ರದಾಯವಿದೆ. ಶಾಸ್ತ್ರಕ್ಕೆಂದು ಬಂದ ಹಣವನ್ನು ಬೇರೆ ವೆಚ್ಚಕ್ಕೆ ಬಳಸುವುದು ದೋಷ. ನಮ್ಮ ದಿಗಂಬರ ಬಸದಿಗಳಲ್ಲಿಯೂ ದೇವರಿಗೆ ಅರ್ಪಿಸಿದ್ದನ್ನು ಸ್ವಂತಕ್ಕೆ ಮುಟ್ಟಬಾರದೆಂಬ ಭಯಭಕ್ತಿಯಿದೆ. ಹುಂಡಿಯ ಒಂದು ರೂಪಾಯಿ ಲೆಕ್ಕಕ್ಕೆ ಸಿಗದಿದ್ದರೆ ಆಡಳಿತ ಮಂಡಳಿಯ ಸಭೆಯಲ್ಲಿ ಇಡೀ ಸಂಜೆ ವಾದ ನಡೆಯುವುದನ್ನು ನಾನು ಕಂಡಿದ್ದೇನೆ, ಅದು ಮೆಚ್ಚತಕ್ಕದ್ದೇ. ಗ್ರಂಥಾಲಯ ಕರವೆಂಬುದು ಎಲ್ಲ ಜಾತಿ ಮತಗಳ ಜನ ಸೇರಿ ಕೂಡಿಸಿದ ಜ್ಞಾನದ್ರವ್ಯ. ಅದು ಬೇರೆಡೆಗೆ ಹರಿದಾಗ ನಾವು ಸುಮ್ಮನಿರುವುದಾದರೆ, ನಮ್ಮ ಅಚೌರ್ಯ ವ್ರತವು ಬಸದಿಯ ಹೊಸ್ತಿಲಿಗೇ ಮುಗಿದಂತಾಯಿತು.

ಸಂಪಿಗೆ ಈ ಸೀಮೆಯದೇ ಊರು. 1884ರಲ್ಲಿ ಆಚಾರ್ಯ ಬಿ.ಎಂ.ಶ್ರೀಯವರು ಹುಟ್ಟಿದ್ದು ಅಲ್ಲಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ ತೀ.ನಂ.ಶ್ರೀಯವರ ಊರು. ಕನ್ನಡದ ಓದನ್ನೇ ಬೆಳಗಿಸಿದ ಇಬ್ಬರು ಮಹನೀಯರನ್ನು ಕೊಟ್ಟ ನಾಡಿನಲ್ಲಿ ಓದುವ ಕೋಣೆಗೆ ದೀಪವಿಲ್ಲದಂತಾಗಬಾರದು.

ಧರ್ಮಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಜ್ಯೇಷ್ಠ ಶುಕ್ಲ ಪಂಚಮಿಯಂದು, ಷಟ್ಖಂಡಾಗಮವು ಪೂರ್ಣಗೊಂಡ ನೆನಪಿನಲ್ಲಿ, ನಾವು ಶ್ರುತಪಂಚಮಿಯನ್ನು ಆಚರಿಸುತ್ತೇವೆ. ಶಾಸ್ತ್ರಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಹೊದಿಸಿ ಪೂಜಿಸುತ್ತೇವೆ. ಆ ದಿನ ಪೂಜೆ ಮುಗಿದ ಮೇಲೆ ಊರಿನ ಗ್ರಂಥಾಲಯಕ್ಕೂ ಒಮ್ಮೆ ಹೋಗಿ ಬರೋಣ. ಬಾಗಿಲು ತೆರೆದಿದೆಯೆ, ಮೇಲ್ವಿಚಾರಕರಿಗೆ ಸಂಬಳ ಬಂದಿದೆಯೆ, ಈ ವರ್ಷ ಎಷ್ಟು ಪುಸ್ತಕ ಕೊಂಡರು ಎಂದು ವಿಚಾರಿಸೋಣ. ಮುಂದಿನ ಗ್ರಾಮಸಭೆಗೆ ಕಂದಾಯದ ರಸೀದಿಯನ್ನು ಹಿಡಿದುಕೊಂಡು ಹೋಗಿ, ಊರಿನಲ್ಲಿ ಒಟ್ಟು ವಸೂಲಾದ ಗ್ರಂಥಾಲಯ ಕರವೆಷ್ಟು, ಅದರಲ್ಲಿ ವೆಚ್ಚವಾದದ್ದೆಷ್ಟು ಎಂದು ವಿನಯದಿಂದ ಕೇಳೋಣ. ಬಸದಿಯ ಆಡಳಿತ ಮಂಡಳಿಗಳು ಕೊಡುವ ಪುಸ್ತಕಗಳನ್ನು ಬೀಗ ಹಾಕಿದ ಬೀರುವಿಗೆ ಕೊಡುವ ಬದಲು ಅಲ್ಲಿಗೆ ಕೊಡಲಿ, ಕೊಟ್ಟ ಮೇಲೂ ವರ್ಷಕ್ಕೊಮ್ಮೆ ಹೋಗಿ ನೋಡಲಿ.

ಆ ಮೂರು ಬೀರುಗಳಲ್ಲಿ ಉಳಿದಿದ್ದ ಪುಸ್ತಕಗಳನ್ನು ಬಿಸಿಲಿಗೆ ಹಾಕಿ, ರಟ್ಟು ಕಟ್ಟಿಸಿ, ಊರಿನ ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ಬೀಗದ ಕೈ ಈಗ ನನ್ನಲ್ಲಿಲ್ಲ.